ಅಪ್ಪನ ಮೈ, ಮಗಳ ಬಾಯಿ

ನಮ್ಮ ದ್ವೀಪದ ಫಾಲೆಮೂ ಹಳ್ಳಿಯಲ್ಲಿ ಮೊಯೆಲಾಂಗಿಯ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ದೇವರು, ಇನ್ನೊಬ್ಬ ಅವಳ ತಮ್ಮ ಪೆಸಾಮಿನೊ. ಪಾದ್ರಿ ಕೂಡ ಅವಳು ಮುಂದಿನ ಸಾಲಿನಲ್ಲಿ ಕೂತಳೆಂದರೆ ಪ್ರವಚನ ಮೊಟಕು ಮಾಡುತ್ತಿದ್ದ. ಒಂದು ಅಂದರೆ ನಾಲ್ಕು ಅನ್ನುವವಳು, ಯಾರ ಮಾತನ್ನೂ ನೆಲಕ್ಕೆ ಬೀಳಲು ಬಿಟ್ಟವಳಲ್ಲ. ಕೊನೆಗೆ ಆ ಬಾಯಿಯೇ ಅವಳ ಮನೆಗೆ ಬೆಂಕಿ ಹಚ್ಚಿತು.

ಹುಟ್ಟಿದಾಗಲೇ ಅವಳು ಐದೂವರೆ ಕಿಲೋ. ಕೊಬ್ಬರಿ ತೂಗುವ ತಕ್ಕಡಿಯಲ್ಲಿಟ್ಟು ತೂಗಿದ್ದರಂತೆ. ಅಪ್ಪ ಆ ಮನೆತನದ ಪಟ್ಟ ಹೊತ್ತ ಯಜಮಾನ, ಕೂತರೆ ಎರಡು ಕಂಬದ ನಡುವಿನ ಜಾಗ ತುಂಬುವಂಥ ಆಳು. ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿದ. "ನೋಡ್ರೋ! ಎಳೆ ಹಾಗೆ ಚಾಪೆ, ಅಪ್ಪನ ಹಾಗೆ ಮಗಳು!" ಆ ಕಾಲದಲ್ಲಿ ಮೈತುಂಬಿದ ಮಗು ಬಂತೆಂದರೆ ಮನೆಯೇ ತುಂಬಿದ ಹಾಗೆ. ಅವ್ವ ಮಾತ್ರ ಕಡ್ಡಿ. ಐದು ವರ್ಷದ ಮೇಲೆ ಹುಟ್ಟಿದ ಪೆಸಾಮಿನೊ ಕೂಡ ಕಡ್ಡಿ. ಒಂದೇ ಒಲೆಯ ಕೆಸುವಿನ ಗಡ್ಡೆ, ಒಂದೇ ತೆಂಗಿನ ಹಾಲು ಇಬ್ಬರ ಹೊಟ್ಟೆಗೂ ಬಿತ್ತು. ಒಬ್ಬಳು ಹಿಗ್ಗಿದಳು, ಒಬ್ಬ ಹಿಗ್ಗಲಿಲ್ಲ. ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಮೇಲೆ ಕಾಲ ಉಲ್ಟಾ ಹೊಡೆಯಿತು. ಆಸ್ಪತ್ರೆಯವರು ಹಳ್ಳಿಗೆ ತೂಕದ ಯಂತ್ರ ತಂದರು. ಮಹಿಳಾ ಸಮಿತಿಯ ಹೆಂಗಸರೆಲ್ಲ ತಿಂಗಳಿಗೊಮ್ಮೆ ಅದರ ಮೇಲೆ ನಿಲ್ಲಬೇಕು. ಮೊಯೆಲಾಂಗಿ ನಿಂತರೆ ಮುಳ್ಳು ಕೊನೆ ಮುಟ್ಟಿ ಅಲ್ಲೇ ನಡುಗುತ್ತಿತ್ತು. ಹಾಗಾಗಿ ನರ್ಸ್ ಕಿಲಿಸಿ ಎರಡು ಯಂತ್ರ ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲು ಇಡಿಸಿ, ಎರಡನ್ನೂ ಕೂಡಿಸಿ ಬರೆದುಕೊಳ್ಳುತ್ತಿದ್ದಳು. ನೂರ ನಲವತ್ತೊಂದು. ಅಪ್ಪ ಹೆಗಲ ಮೇಲೆ ಹೊತ್ತು ಮೆರೆಸಿದ ಅದೇ ಮೈಗೆ ಈಗ ರೋಗ ಎಂದು ಹೆಸರು. ಥೂ, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಗೆ ತುಪ್ಪ ಹೊಯ್ಯಲು ತಮ್ಮನಿದ್ದ. ನಮ್ಮಲ್ಲಿ ಅಕ್ಕತಂಗಿ ಎಂದರೆ ಅಣ್ಣತಮ್ಮಂದಿರ ಕಣ್ಣಿನ ಪಾಪೆ. ಅವಳೆದುರು ಪೋಲಿ ಮಾತು ಆಡಬಾರದು, ಊಟದಲ್ಲಿ ಒಳ್ಳೆಯ ತುಂಡು ಮೊದಲು ಅವಳಿಗೆ. ಪೆಸಾಮಿನೊ ಆಕ್ಲೆಂಡಿನಲ್ಲಿ ಎಂಟು ವರ್ಷ ಮಾಂಸದ ಕಾರ್ಖಾನೆಯಲ್ಲಿ ದುಡಿದು ಬಂದವನು, ಆ ಮರ್ಯಾದೆಯನ್ನು ಅಲ್ಲೇ ಎಲ್ಲೋ ಬಿಟ್ಟು ಬಂದಿದ್ದ. ಗಂಡ ಸತ್ತು ತವರಿಗೆ ಬಂದು, ಅಪ್ಪನ ನೆಲದಲ್ಲೇ ಐವತ್ತು ಹೆಜ್ಜೆ ಆಚೆ ಮನೆ ಮಾಡಿಕೊಂಡಿದ್ದ ಅಕ್ಕನನ್ನು ದಿನಕ್ಕೊಮ್ಮೆಯಾದರೂ ಅಣಕಿಸದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅವನ ಪಟ್ಟ ಕೂಡ ಅವಳು ಕೊಡಿಸಿದ್ದು, ಗೊತ್ತಾ? ಅಪ್ಪ ಸತ್ತಾಗ ಅಪ್ಪನ ದಾಯಾದಿ ತಮ್ಮ ಉತುಫುವಾ ತನಗೇ ಪಟ್ಟ ಬೇಕೆಂದು ಕೂತ. ಮನೆತನದ ಸಭೆ ಆರು ದಿನ ನಡೆಯಿತು. ಆರನೆಯ ದಿನ ಮೊಯೆಲಾಂಗಿ ಎದ್ದು ನಿಂತು ಎರಡು ತಾಸು ಮಾತಾಡಿದಳು, ಉತುಫುವಾ ಬಾಲ ಮುದುರಿಕೊಂಡ. ತಮ್ಮನ ಪಟ್ಟದ ದಿನಕ್ಕೆಂದು ಅವಳೊಂದು ಚಾಪೆ ಹೆಣೆದಳು. ಕೇದಗೆ ಎಲೆಯನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ, ಮೂರು ವರ್ಷ ಕೂತು ಹೆಣೆದದ್ದು, ಮುಟ್ಟಿದರೆ ರೇಷ್ಮೆ. ಅಂಥ ಚಾಪೆ ಹಾಸುವುದಕ್ಕಲ್ಲ, ಮನೆತನದ ಮಾನ ಅದು. ಪಟ್ಟವಾದ ಮೇಲೆ ಪೆಸಾಮಿನೊ ಅದನ್ನು ಅವಳಿಗೇ ಕೊಟ್ಟಿದ್ದ. "ನೀನೇ ಕಾಯಿ ಅಕ್ಕ. ನಿನ್ನ ಹಾಸಿಗೆ ಅಡಿ ಇಟ್ರೆ ಯಾವ ಕಳ್ಳ ಎಳೆದಾನು?"

ಹೋದ ವರ್ಷ ಯಾವುದೋ ವಿಶ್ವವಿದ್ಯಾಲಯದವರು ಬಂದು ಊರವರ ರಕ್ತ ತೆಗೆದುಕೊಂಡು ಹೋಗಿದ್ದರು. ಈ ವರ್ಷ ಒಬ್ಬೊಬ್ಬರ ಹೆಸರಿಗೂ ಕಾಗದ ಬಂತು. ಕಿಲಿಸಿ ಸಮಿತಿಯ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದಳು: "ನಮ್ಮ ಜನರ ರಕ್ತದಲ್ಲಿ ಒಂದು ಗುರುತಿದೆ. ಹತ್ತು ಜನರಲ್ಲಿ ನಾಲ್ಕೈದು ಜನಕ್ಕೆ ಇರುತ್ತೆ. ಅದಿದ್ದವರ ಮೈ ತಿಂದದ್ದನ್ನ ಕೂಡಿಡುತ್ತೆ, ಬಿಟ್ಟುಕೊಡಲ್ಲ. ಆದ್ರೆ ವಿಚಿತ್ರ ನೋಡಿ, ದಪ್ಪ ಆದ್ರೂ ಅಂಥವರಿಗೆ ಸಕ್ಕರೆ ಕಾಯಿಲೆ ಹಿಡಿಯೋದು ಕಮ್ಮಿ. ಇದು ತಂದೆಯಿಂದಲೋ ತಾಯಿಯಿಂದಲೋ ಬರುತ್ತೆ…"

ತಂದೆಯಿಂದ ಎಂದದ್ದೇ ತಡ, ಮೊಯೆಲಾಂಗಿ ಎದ್ದುಬಿಟ್ಟಳು. ಅವಳ ಕಾಗದದಲ್ಲಿ ಗುರುತು ಇದೆ ಎಂದಿತ್ತು, ಸಕ್ಕರೆ ಇಲ್ಲ ಎಂದಿತ್ತು. ಇನ್ನೇನು ಕೇಳುವುದಿದೆ? ಅಪ್ಪನ ಮೈ, ಅಪ್ಪನ ಗುರುತು. ಕಾಗದವನ್ನು ಎದೆಗೆ ಸಿಕ್ಕಿಸಿಕೊಂಡು, ಕಿಲಿಸಿಯ ಮಾತು ಮುಗಿಯುವ ಮೊದಲೇ ಮನೆಗೆ ಬಂದಳು.

ಮುಂದಿನ ಭಾನುವಾರ ಚರ್ಚು ಮುಗಿಸಿ ಮನೆತನದವರೆಲ್ಲ ಪೆಸಾಮಿನೊನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಹದಿನೆಂಟು ಜನ. ಬಾಳೆಲೆಯ ಮೇಲೆ ಹಂದಿ, ದೀವಿಹಲಸು, ಕೆಸುವಿನೆಲೆಯಲ್ಲಿ ಸುತ್ತಿ ಸುಟ್ಟ ತೆಂಗಿನ ಹಾಲು. ಉತುಫುವಾನೂ ಇದ್ದ. ಪೆಸಾಮಿನೊ ಕಾಲಿಗೆ ದಪ್ಪ ಕಾಲುಚೀಲ ಹಾಕಿಕೊಂಡು, ಅದರ ಮೇಲೊಂದು ಚಾಪೆ ಎಳೆದುಕೊಂಡು ಕೂತಿದ್ದ. ಆಕ್ಲೆಂಡಿನ ಶೋಕಿ ಎಂದು ಯಾರೂ ಗಮನಿಸಲಿಲ್ಲ.

ಅಕ್ಕ ಎರಡನೆಯ ಸಲ ಹಂದಿಯ ತುಂಡಿಗೆ ಕೈ ಹಾಕಿದ್ದೇ ಅವನು ಜೇಬಿನಿಂದ ಕಾಗದ ತೆಗೆದ. ಅದನ್ನು ಅರ್ಧಕ್ಕೆ ಮಡಿಸಿದ್ದ.

"ಕೇಳ್ರಪ್ಪಾ, ಓದ್ತೀನಿ. ತೂಕದ ಗುರುತು, ಇಲ್ಲ! ನಂಗಿಲ್ಲ. ಅಕ್ಕ, ನಿಂದ್ರಲ್ಲಿ ಏನಿದೆ? ಜೋರಾಗಿ ಓದೇ."

"ಇದೆ. ಇದ್ರೆ ನಿನ್ನ ಗಂಟೇನು ಹೋಯ್ತು?"

"ನಂದೇನೂ ಹೋಗಿಲ್ಲ, ಆ ಹಂದಿ ಹೋಯ್ತು. ಒಂಚೂರು ಉಳಿಸೇ ಅದನ್ನ. ಮುಂದಿನ ತಿಂಗಳು ಕಿಲಿಸಿ ನಿನ್ನ ಬಂದರಿಗೆ ಕರ್ಕೊಂಡು ಹೋಗ್ತಾಳಂತೆ, ಲಾರಿ ತೂಗ್ತಾರಲ್ಲ, ಅಲ್ಲಿಗೆ."

ಊಟಕ್ಕೆ ಕೂತವರೆಲ್ಲ ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಉತುಫುವಾ. ಮೊಯೆಲಾಂಗಿ ಕೈಯಲ್ಲಿದ್ದ ತುಂಡನ್ನು ಎಲೆಯ ಮೇಲೆ ಒಗೆದಳು.

"ನಗು, ಚೆನ್ನಾಗಿ ನಗು. ಅಪ್ಪ ಹೆಂಗಿದ್ದ? ನನ್ನ ಹಂಗಿದ್ದ. ಈ ಗುರುತು ಅಪ್ಪಂದು, ತಂದೆಯಿಂದ ಬರೋದು ಅಂತ ಕಿಲಿಸೀನೇ ಹೇಳಿದ್ಲು. ನಂಗೆ ಬಂತು, ನಿಂಗೆ ಬರಲಿಲ್ಲ. ಹಂಗಾದ್ರೆ ಹೇಳೋ, ನೀನು ಯಾರ ಮಗ?"

ಉತುಫುವಾ ಚೀಪುತ್ತಿದ್ದ ಮೂಳೆಯನ್ನು ಮೆಲ್ಲಗೆ ಎಲೆಯ ಮೇಲಿಟ್ಟ.

"ಇನ್ನೊಂದ್ಸಲ ಹೇಳು," ಎಂದ ಪೆಸಾಮಿನೊ.

"ಹತ್ತು ಸಲ ಹೇಳ್ತೀನಿ. ಅಪ್ಪನ ಪಟ್ಟ ಹೊತ್ತಿದೀಯ, ಅಪ್ಪನ ಗುರುತು ಹೊತ್ತಿಲ್ಲ!"

ನಮ್ಮಲ್ಲಿ ನೆಲವೂ ಪಟ್ಟವೂ ನಿಂತಿರುವುದು ವಂಶದ ಮೇಲೆ. ಹಸಿವಾದರೆ ತಡೆದುಕೊಂಡೇವು, ಹೊಡೆದರೆ ತಡೆದುಕೊಂಡೇವು, ನೀನು ಯಾರ ಮಗ ಎಂದರೆ ತಡೆಯುವುದಿಲ್ಲ. ಪೆಸಾಮಿನೊ ಕಂಬ ಹಿಡಿದು ಎದ್ದ, ಒಂದು ಕಾಲೆಳೆಯುತ್ತ ಪರದೆಯ ಹಿಂದೆ ಹೋದ. ನಾಟಕ ಎಂದುಕೊಂಡಳು ಅಕ್ಕ.

ಅಲ್ಲಿಂದ ಮೂರು ವಾರ ಮಾತಿಲ್ಲ. ನಮ್ಮ ಮನೆಗಳಿಗೆ ಗೋಡೆ ಇಲ್ಲ, ಕಂಬಗಳ ನಡುವೆ ತೆಂಗಿನ ಗರಿಯ ಪರದೆ ಅಷ್ಟೇ, ಅದನ್ನೂ ಮಳೆ ಬಂದರೆ ಮಾತ್ರ ಇಳಿಸುವುದು. ಪೆಸಾಮಿನೊ ಸುಡು ಬಿಸಿಲಲ್ಲೂ ಪರದೆ ಇಳಿಸಿಕೊಂಡು ಕೂತ. ಚರ್ಚಿಗೂ ಬರಲಿಲ್ಲ. ಅವನ ಹೆಂಡತಿ ಮಗಳ ಬಾಣಂತನಕ್ಕೆಂದು ಆಕ್ಲೆಂಡಿಗೆ ಹೋಗಿದ್ದಳು, ಪಕ್ಕದವರು ಊಟ ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು. ಮೊಯೆಲಾಂಗಿ ತನ್ನ ಮನೆಯಿಂದಲೇ ಕೂಗುತ್ತಿದ್ದಳು: "ಮುಚ್ಚಿಕೋ, ಇನ್ನೂ ಮುಚ್ಚಿಕೋ! ನನ್ನ ಮುಖ ನೋಡಿದ್ರೆ ದಪ್ಪ ಆಗ್ಬಿಡ್ತೀಯ!" ಆ ಕಡೆಯಿಂದ ಉತ್ತರ ಬರುತ್ತಿರಲಿಲ್ಲ. ಉತ್ತರ ಕೊಡದ ತಮ್ಮನನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ, ಕೊಬ್ಬು ಎಂದುಕೊಂಡಳು.

ಮೂರನೆಯ ವಾರದ ಶುಕ್ರವಾರ ಉತುಫುವಾ ಬಂದ. ಮೊಯೆಲಾಂಗಿ ಅಂಗಳದಲ್ಲಿ ಕೇದಗೆ ಎಲೆ ಒಣಹಾಕುತ್ತಿದ್ದಳು.

"ಏನಮ್ಮಾ, ಚೆನ್ನಾಗಿದೀಯಾ?"

"ಇಷ್ಟೊತ್ತು ಚೆನ್ನಾಗಿದ್ದೆ ಚಿಕ್ಕಪ್ಪ. ನೀವು ಬಂದ್ರಲ್ಲ, ಇನ್ನು ನೋಡ್ಬೇಕು."

ಅವನು ಅಂಗಳದಲ್ಲೇ ಇದ್ದ ಅವ್ವನ ಸಮಾಧಿಯ ಕಟ್ಟೆ ಮೇಲೆ ಕೂತು, ಅಂಗಿಯೊಳಗಿಂದ ಒಂದು ಅರ್ಜಿ ತೆಗೆದ. "ಸೋಮವಾರ ಕೋರ್ಟಿಗೆ ಕೊಡ್ತೀನಿ. ಪೆಸಾಮಿನೊ ನಮ್ಮಣ್ಣನ ಮಗ ಅಲ್ಲ, ಪಟ್ಟ ಅವನಿಗೆ ಸಲ್ಲಲ್ಲ ಅಂತ. ನೀನೊಂದು ರುಜು ಹಾಕ್ಬಿಡು."

"ನಾನ್ಯಾಕೆ ಹಾಕ್ಲಿ?"

"ಹೇಳಿದ್ದು ನೀನೇ ಅಲ್ವಾ? ಊಟಕ್ಕೆ ಕೂತಿದ್ದವರೆಲ್ಲ ಕೇಳಿದಾರೆ. ಸ್ವಂತ ಅಕ್ಕನ ಬಾಯಿಗಿಂತ ದೊಡ್ಡ ಸಾಕ್ಷಿ ಬೇಕಾ? ಪಟ್ಟ ನನ್ನ ಕಡೆ ಬಂದ್ರೆ ನೆಲಾನೂ ಬರುತ್ತೆ. ನೀನೇನೂ ಹೆದರಬೇಡ, ಒಂದು ಮೂಲೇಲಿ ಇರ್ಕೋ." ಆಮೇಲೆ ದನಿ ತಗ್ಗಿಸಿ ಹಲ್ಲು ಬಿಟ್ಟ. "ನಿಮ್ಮವ್ವಂದೂ ತಪ್ಪಿಲ್ಲ ಬಿಡು, ಚಿಕ್ಕ ವಯಸ್ಸು. ಆಗ ಕೊಬ್ಬರಿ ಹಡಗಲ್ಲಿ ಅಡಿಗೆಯವನೊಬ್ಬ ಬರ್ತಿದ್ದ. ಅವನೂ ಹಿಂಗೇ, ಕಡ್ಡಿ."

ತಮ್ಮನ ಮೇಲೆ ಬೀಸಿದ ಕಲ್ಲು ಎಲ್ಲಿ ಬಿದ್ದಿದೆ ಎಂದು ಮೊಯೆಲಾಂಗಿಗೆ ಆಗ ಗೊತ್ತಾಯಿತು. ಒಂಬತ್ತು ವರ್ಷದಿಂದ ಆ ಕಟ್ಟೆಯಡಿ ಮಲಗಿದ್ದ ಅವ್ವ, ಗಂಡನನ್ನು ಬಿಟ್ಟು ಇನ್ನೊಬ್ಬನ ಜೊತೆ ನಿಂತು ಮಾತೂ ಆಡಿದವಳಲ್ಲ. ಅವಳ ಹೆಸರಿಗೆ ಮಸಿ ಬಳಿದದ್ದು ಈ ಮುದುಕನಲ್ಲ, ಮಗಳು, ಅದೂ ಅವ್ವನೇ ಹಾಲೂಡಿಸಿದ ಬಾಯಿಂದ.

"ಏಳ್ರೀ," ಎಂದಳು.

"ಏನು?"

"ನಮ್ಮವ್ವನ ಮೇಲಿಂದ ಏಳ್ರೀ!" ತೆಂಗಿನ ಕಡ್ಡಿ ಪೊರಕೆ ಕೈಗೆ ಸಿಕ್ಕಿತು. ಅರವತ್ತೆಂಟು ವರ್ಷದ ಉತುಫುವಾ ಅಷ್ಟು ಜೋರಾಗಿ ಓಡಿದ್ದನ್ನು ಊರು ಆವತ್ತೇ ನೋಡಿದ್ದು. ರಸ್ತೆ ಸೇರಿದ ಮೇಲೆ ಅವನು ತಿರುಗಿ ನಿಂತು ಕೂಗಿದ: "ಪೊರಕೆ ಬೀಸಿದ್ರೆ ಆಡಿದ ಮಾತು ಗುಡಿಸಿ ಹೋಗುತ್ತೇನೇ? ಸೋಮವಾರ ನೋಡ್ತಿರು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಹೋದ ಮಾತನ್ನು ಹಿಂದಕ್ಕೆ ತರಲು ನಮ್ಮಲ್ಲಿ ಒಂದು ದಾರಿ ಇದೆ. ತಪ್ಪು ಮಾಡಿದವರು ಬೆಳಗಾಗುವ ಮೊದಲು ನೊಂದವರ ಮನೆಯ ಮುಂದೆ ಹೋಗಿ, ಮನೆತನದ ಚಾಪೆ ತಲೆಯ ಮೇಲೆ ಹೊದ್ದು ಕೂರಬೇಕು. ನೊಂದವರು ಬಂದು ಚಾಪೆ ಎತ್ತಿದರೆ ಮಾತು ಅಳಿಯಿತು. ಆಮೇಲೆ ಯಾರಾದರೂ ಅದನ್ನು ಮತ್ತೆ ಎತ್ತಿ ಆಡಿದರೆ ಅವರಿಗೆ ಊರಲ್ಲಿ ನೀರು ಹುಟ್ಟುವುದಿಲ್ಲ. ಎತ್ತದೆ ಬಿಟ್ಟರೆ ಮಾತು ನಿಂತ ಹಾಗೆ, ಕೂತವರು ಸತ್ತ ಹಾಗೆ.

ವಿಷಯ ತಿಳಿದ ಪಾದ್ರಿಯ ಹೆಂಡತಿ ಸಂಜೆಯೇ ಓಡಿ ಬಂದಳು. "ನಿಂಗೇನು ತಲೆ ಕೆಟ್ಟಿದೆಯಾ? ತಮ್ಮ ಅಕ್ಕನ ಮುಂದೆ ಬಗ್ಗೋದು ಪದ್ಧತಿ. ಅಕ್ಕ ತಮ್ಮನ ಮುಂದೆ ಕೂತಿದ್ದನ್ನ ಯಾರು ಕಂಡಿದಾರೆ?"

"ನಾಳೆ ಕಾಣ್ತಾರೆ," ಎಂದಳು ಮೊಯೆಲಾಂಗಿ.

ಶನಿವಾರ, ಕೋಳಿ ಕೂಗುವ ಹೊತ್ತಿಗೆ ಅವಳು ಹಾಸಿಗೆಯಡಿಯಿಂದ ಆ ಮೂರು ವರ್ಷದ ಚಾಪೆ ತೆಗೆದಳು. ಐವತ್ತು ಹೆಜ್ಜೆ ನಡೆದು, ತಮ್ಮನ ಮನೆಯ ಮುಂದಿನ ಹರಳುಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಆ ಮೈ ಹೊತ್ತು ಹಾಗೆ ಕೂತಾಗ ಮಂಡಿಗಳು ಚೀರಿದವು. ಚಾಪೆ ಹೊದ್ದಳು, ಕತ್ತಲಾಯಿತು.

ಬೆಳಕಾಯಿತು. ಅವನು ಬರಲಿಲ್ಲ. ಬಿಸಿಲೇರಿತು. ಚಾಪೆಯೊಳಗೆ ಬೆವರು ಮೂಗಿನಿಂದ ಮಡಿಲಿಗೆ ತೊಟ್ಟಿಕ್ಕುತ್ತಿತ್ತು. ರಸ್ತೆಯಲ್ಲಿ ಜನ ಸೇರಿದ್ದು ಕಿವಿಗೆ ಬೀಳುತ್ತಿತ್ತು. ಅವರ ನಡುವೆ ಉತುಫುವಾನ ದನಿ: "ಇನ್ನೂ ಬೇಯ್ಲಿಲ್ವೇನಮ್ಮಾ? ದೊಡ್ಡ ಹಂದಿ, ಹೊತ್ತು ಹಿಡಿಯುತ್ತೆ!" ಯಾರೋ ಕಿಸಕ್ಕೆಂದರು. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರು ಜಾಲಾಡುತ್ತಿದ್ದಳು. ಚಾಪೆಯಡಿ ಕೂತವರು ಬಾಯಿ ಬಿಡಬಾರದು. ಅವಳು ತುಟಿ ಕಚ್ಚಿಕೊಂಡು ತಮ್ಮನನ್ನು ಮನಸ್ಸಿನಲ್ಲೇ ಬೈದಳು. ಸುಡು, ಇನ್ನೂ ಸುಡು. ನಿನ್ನ ಹೊಟ್ಟೆ ತಣ್ಣಗಾಗಲಿ. ಆದರೆ ಎತ್ತೋ ಪಾಪಿ, ಅವ್ವನ ಮುಖ ನೋಡಿಯಾದರೂ ಎತ್ತೋ.

ಹತ್ತು ಗಂಟೆಯ ಹೊತ್ತಿಗೆ ಏನೋ ಎಳೆದ ಸದ್ದು. ಹರಳುಕಲ್ಲು ಕರಕರ ಎಂದಿತು. ಜೊತೆಗೆ ಒಂದು ವಾಸನೆ, ಸತ್ತ ಇಲಿಯ ಹಾಗೆ. ಚಾಪೆಯ ಒಂದು ತುದಿ ಗೇಣುದ್ದ ಮೇಲೆದ್ದಿತು, ಕೆಳಗೆ ನೆಲದ ಮಟ್ಟದಲ್ಲಿ ಪೆಸಾಮಿನೊನ ಮುಖ ಕಂಡಿತು.

"ಅಕ್ಕ."

"ಪೂರ್ತಿ ಎತ್ತೋ," ಅವಳು ಪಿಸುಗುಟ್ಟಿದಳು. "ಊರೆಲ್ಲ ನೋಡ್ಲಿ."

"ನಿಂತ್ಕೊಳಕ್ಕಾಗ್ತಿಲ್ಲ ಕಣೇ."

"ನಾಟಕ ಆಡ್ಬೇಡ!"

"ಬೆಳಗಿನಿಂದ ಕಂಬ ಹಿಡ್ಕೊಂಡು ಏಳ್ತಿದೀನಿ, ಬೀಳ್ತಿದೀನಿ. ನೀನು ಬಂದ ತಕ್ಷಣ ಗೊತ್ತಾಯ್ತು, ನೆಲ ನಡುಗ್ತಲ್ಲ."

ಆ ಹೊತ್ತಿನಲ್ಲೂ ಅಣಕ! ಬೈಯಬೇಕೆಂದು ಬಾಯಿ ತೆರೆದಳು, ಅಷ್ಟರಲ್ಲಿ ಅವನ ಕಾಲು ಕಂಡಿತು. ಕಾಲುಚೀಲ ಇರಲಿಲ್ಲ. ಬೆರಳುಗಳು ಒಲೆಯಿಂದ ತೆಗೆದ ಕೊಳ್ಳಿಯ ಹಾಗೆ ಕಪ್ಪಾಗಿದ್ದವು, ಪಾದವೆಲ್ಲ ಊದಿತ್ತು.

"ಅಯ್ಯೋ ನನ್ನಪ್ಪ! ಇದೇನೋ ಇದು?"

"ಆ ಕಾಗದದ ಕೆಳಗಿನ ಅರ್ಧ ಓದ್ಲಿಲ್ಲ ನಾನು ಆವತ್ತು. ಸಕ್ಕರೆ ಅಂತಿತ್ತು. ತುಂಬ ಇದೆ, ಕಾಲಿನ ಹುಣ್ಣು ತೋರಿಸು ಅಂತಿತ್ತು."

ಪೆಸಾಮಿನೊ ಕೂತಲ್ಲೇ ಎರಡೂ ಕೈಯಿಂದ ಚಾಪೆ ಹಿಡಿದು ಅವಳ ತಲೆಯಿಂದ ಹಿಂದಕ್ಕೆ ಸರಿಸಿದ. ಊರೆಲ್ಲ ನೋಡಿತು. ಉತುಫುವಾ ಕೂಗಿದ: "ಕೂತ್ಕೊಂಡು ಎತ್ತಿದ್ದು ನಡೆಯಲ್ಲ! ಎದ್ದು ನಿಂತು ಎತ್ಬೇಕು!"

"ನಡೆಯುತ್ತೋ ಇಲ್ವೋ, ಬಾಯ್ಮುಚ್ಚಿಕೊಂಡು ಪಾದ್ರಿ ಗಾಡಿ ತರಿಸ್ರೀ!" ಎಂದು ಮೊಯೆಲಾಂಗಿ ಗುಡುಗಿದಳು. ಮೂರು ವರ್ಷ ಹೆಣೆದ ಚಾಪೆಯನ್ನು ಆ ನಾರುವ ಕಾಲಿಗೆ ಸುತ್ತಿದಳು. ತಮ್ಮನನ್ನು ಬೆನ್ನಿಗೆ ಹಾಕಿಕೊಂಡಳು. ಮಂಡಿಯೂರಿ, ಕಂಬ ಹಿಡಿದು, ಒಂದೇ ಉಸಿರಿಗೆ ಎದ್ದು ನಿಂತಳು. ರಸ್ತೆಯಲ್ಲಿ ಒಬ್ಬರೂ ನಗಲಿಲ್ಲ.

ಗಾಡಿಯ ಕಡೆ ನಡೆಯುವಾಗ ಅವನು ಅವಳ ಭುಜಕ್ಕೆ ಗಲ್ಲ ಒತ್ತಿ ಹೇಳಿದ, "ಅಪ್ಪನ ಬೆನ್ನೂ ಹಿಂಗೇ ಇತ್ತು."

"ಮಾತಾಡ್ಬೇಡ. ಭಾರ ಇದೀಯ."

ಆಸ್ಪತ್ರೆಯಲ್ಲಿ ಡಾಕ್ಟರು ಮೊಣಕಾಲಿನ ಕೆಳಗೆ ತೆಗೆಯಬೇಕೆಂದರು. ಮೂರು ವಾರ ಮೊದಲು ಬಂದಿದ್ದರೆ ಎರಡು ಬೆರಳಿನಲ್ಲಿ ಮುಗಿಯುತ್ತಿತ್ತು ಎಂದರು. ಕಿಲಿಸಿ ಹೊರಗಿನ ಬೆಂಚಿನ ಮೇಲೆ ಮೊಯೆಲಾಂಗಿಯ ಪಕ್ಕ ಕೂತು, ಆವತ್ತು ಅರ್ಧಕ್ಕೆ ನಿಂತ ಮಾತನ್ನು ಮುಗಿಸಿದಳು. ಅಪ್ಪನಲ್ಲಿ ಆ ಗುರುತು ಇದ್ದರೂ ಎಲ್ಲ ಮಕ್ಕಳಿಗೂ ಬರಬೇಕೆಂದಿಲ್ಲ. ಬುಟ್ಟಿಗೆ ಕೈ ಹಾಕಿದ ಹಾಗೆ, ಒಬ್ಬರಿಗೆ ಸಿಗುತ್ತದೆ, ಒಬ್ಬರಿಗೆ ಇಲ್ಲ. ಬುಟ್ಟಿ ಅದೇ. ಉತುಫುವಾ ಕೋರ್ಟಿಗೆ ಹೋದರೆ ಅದನ್ನು ತಾನೇ ಬಂದು ಹೇಳುತ್ತೇನೆ ಎಂದಳು. ಅವನು ಹೋಗಲೇ ಇಲ್ಲ. ಚಾಪೆ ಎತ್ತಿದ್ದನ್ನು ಊರೇ ಕಂಡಿತ್ತು.

ಎರಡು ದಿನದ ಮೇಲೆ ಪೆಸಾಮಿನೊಗೆ ಸರಿಯಾಗಿ ಎಚ್ಚರವಾಯಿತು. ಮೊಯೆಲಾಂಗಿ ಕಾದು ಕೂತಿದ್ದಳು, ಬಾಯಿಗೆ ಬಂದ ಹಾಗೆ ಬಯ್ದಳು. "ಮೂರು ವಾರ! ಮೂರು ವಾರ ಪರದೆ ಹಿಂದೆ ಕೂತು ಕೊಳೀತಿದ್ಯಲ್ಲೋ! ಐವತ್ತು ಹೆಜ್ಜೆ ಆಚೆ ನಾನಿರ್ಲಿಲ್ವಾ? ಯಾವ ದೊಡ್ಡಸ್ತಿಕೆಗೆ ಆಸ್ಪತ್ರೆಗೆ ಬರ್ಲಿಲ್ಲ? ಹೇಳೋ!"

ಅವನು ಚಾವಣಿ ನೋಡುತ್ತ ಮಲಗಿದ್ದ.

"ಬಂದ್ರೆ ಮತ್ತೆ ರಕ್ತ ತೆಗೀತಿದ್ರು."

"ತೆಗೆದ್ರೆ?"

"ನಾನು ಅಪ್ಪನ ಮಗ ಅಲ್ಲ ಅಂತ ಬರೆದುಬಿಟ್ರೆ?" ಹೊದಿಕೆಯ ಅಂಚನ್ನು ಎದೆಗೆ ಎಳೆದುಕೊಂಡ. "ನೀನು ಹೇಳಿದ್ದನ್ನ ನಂಬಿಬಿಟ್ಟಿದ್ದೆ ಅಕ್ಕ. ಕಾಲು ಹೋದ್ರೆ ಹೋಗ್ಲಿ, ಕಾಗದ ಬರೋದು ಬೇಡ ಅಂತ ಕೂತಿದ್ದೆ."

ಮೊಯೆಲಾಂಗಿ ಮಂಚದ ಸರಳು ಹಿಡಿದುಕೊಂಡಳು. ಅವನು ಹೊದಿಕೆಯ ಮೇಲೆ ಕೈಯಾಡಿಸಿ, ಕಾಲು ಇರಬೇಕಾದ ಜಾಗದಲ್ಲಿ ಬಟ್ಟೆ ಚಪ್ಪಟೆಯಾಗಿದ್ದ ಕಡೆ ಬೆರಳಿಟ್ಟ.

"ನಾನು ಇನ್ನೂ ಸಣ್ಣಗಾದೆ ನೋಡು," ಎಂದ. "ಈಗ ತೂಗಿದ್ರೆ ಎಷ್ಟು ಬರ್ತೀನಿ? ನೀನೇ ಹೇಳೇ."

ಅವಳು ಬಾಯಿ ತೆರೆದಳು. ಫಾಲೆಮೂ ಹಳ್ಳಿಯಲ್ಲಿ ಯಾರ ಮಾತನ್ನೂ ನೆಲಕ್ಕೆ ಬೀಳಲು ಬಿಡದವಳು. ಆ ಮಾತು ಬಿತ್ತು, ಅವಳಿಗೆ ಎತ್ತಲಾಗಲಿಲ್ಲ.